ಹದಿನೆಂಟನೆಯ ಕುಳಿ ಮತ್ತು ಒಂದು ಮೀಸೆ

ಬಾಯಿ ಮುಚ್ಚಿಕೊಂಡಿದ್ದರೆ ಮೀಸೆಯಪ್ಪನಿಗೆ ಈ ಪೀಕಲಾಟವೇ ಇರುತ್ತಿರಲಿಲ್ಲ. "ರಜಕ್ಕೆ ಎಲ್ಲಿಗೆ?" ಎಂದು ಪಕ್ಕದ ಔಷಧಿ ಅಂಗಡಿಯವನು ಕೇಳಿದಾಗ "ಸಮುದ್ರದ ಕಡೆಗೆ" ಎಂದಷ್ಟೇ ಹೇಳಿ ತನ್ನ ಕನ್ನಡಕದ ಅಂಗಡಿಗೆ ಬೀಗ ಜಡಿದು ಹೋಗಬಹುದಿತ್ತು. ಆದರೆ ಅಂದು ಬೆಳಿಗ್ಗೆ ಗಿರಾಕಿಯೊಬ್ಬರಿಗೆ ಗಾಜು ಕೂಡಿಸಿಕೊಡುತ್ತ ಒಂದು ಗಂಟೆ ಗಾಲ್ಫ್ ಪುರಾಣ ಕೇಳಿದ್ದ. ಅದು ಇನ್ನೂ ಹೊಟ್ಟೆಯಲ್ಲಿ ಕರಗಿರಲಿಲ್ಲ.

"ಅಲ್ಲಿ ದಂಡೆಯುದ್ದಕ್ಕೂ ಮೂರು ಗಾಲ್ಫ್ ಮೈದಾನ ಇವೆ. ಟಿಕೆಟ್ ತಗೊಂಡ್ರೆ ಯಾರು ಬೇಕಾದ್ರೂ ಆಡಬಹುದು. ಎಂಥೆಂಥವರೂ ಸುಸ್ತಾಗಿ ವಾಪಸ್ ಬರ್ತಾರಂತೆ. ನಾನು ಮೂರನ್ನೂ ಮುಗಿಸಿಕೊಂಡೇ ಬರೋದು" ಎಂದುಬಿಟ್ಟ.

"ನೀವಾ?" ಔಷಧಿ ಅಂಗಡಿಯವನು ಬಿದ್ದು ಬಿದ್ದು ನಕ್ಕ. "ಕನ್ನಡಕದ ಸ್ಕ್ರೂ ಕೆಳಗೆ ಬಿದ್ರೆ ಹುಡುಕಿಕೊಡೋಕೆ ನನ್ನನ್ನ ಕರೀತೀರಿ! ಒಂದೇ ಒಂದು ಮೈದಾನ ಪೂರ್ತಿ ಆಡಿ ಸ್ವಾಮಿ. ಜೊತೇಲಿ ಆಡಿದವರ ಸಹಿ ಇರೋ ಸ್ಕೋರ್ ಕಾರ್ಡು ತನ್ನಿ. ತಂದ್ರೆ ನನ್ನ ಮೀಸೆ ಬೋಳಿಸ್ತೀನಿ. ತರದಿದ್ರೆ ನಿಮ್ಮದು."

ಬೀದಿಯವರು ಅವನನ್ನು ಮೀಸೆಯಪ್ಪ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಎಣ್ಣೆ ಹಾಕಿ, ಬಾಚಿ, ಹುರಿ ಮಾಡಿ ಸಾಕಿದ ಮೀಸೆ ಅದು. ಕಣ್ಣು ಪರೀಕ್ಷೆಗೆ ಬಂದ ಮಕ್ಕಳು ಗೋಡೆಯ ಅಕ್ಷರ ಬಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದವು. ಅಂಥ ಮೀಸೆಯನ್ನು ಪಣಕ್ಕಿಟ್ಟು ಬಂದದ್ದನ್ನು ಹೆಂಡತಿಗೆ ಹೇಳುವ ಧೈರ್ಯ ಬಸ್ಸು ಅರ್ಧ ದಾರಿ ದಾಟುವವರೆಗೂ ಅವನಿಗೆ ಬರಲಿಲ್ಲ.

ಮೊದಲನೆಯ ಮೈದಾನದಲ್ಲಿ ಹದಿನೆಂಟು ಕುಳಿಗಳ ಪೈಕಿ ನಾಲ್ಕನೆಯದನ್ನು ತಲುಪುವಷ್ಟರಲ್ಲಿ ಹನ್ನೊಂದು ಚೆಂಡು ಸಮುದ್ರದ ಪಾಲಾಗಿ ಆಟ ಅಲ್ಲಿಗೇ ನಿಂತಿತು. ಎರಡನೆಯದರಲ್ಲಿ ಅವನ ಎರಡನೇ ಹೊಡೆತಕ್ಕೇ ಮ್ಯಾನೇಜರನ ಕೋಣೆಯ ಕಿಟಕಿ ಪುಡಿಯಾಯಿತು. ಮ್ಯಾನೇಜರ್ ಬಹಳ ಮರ್ಯಾದಸ್ಥ. ಗೇಟಿನವರೆಗೂ ತಾನೇ ಬಂದು ಬಿಟ್ಟುಹೋದ.

ಹೀಗಾಗಿ ರಜದ ಕೊನೆಯ ದಿನ ಮೂರನೆಯ ಮೈದಾನವೊಂದೇ ಉಳಿಯಿತು. ಅದೇ ದಿನ ಹನ್ನೆರಡು ಗಂಟೆಗೆ ದೀಪಸ್ತಂಭದ ದ್ವೀಪಕ್ಕೆ ಬೋಟು. ದಿನಕ್ಕೆ ಒಂದೇ ಬೋಟು.

"ರೀ, ಹತ್ತು ದಿನದಿಂದ ಹೋಟೆಲ್ ಕಿಟಕೀಲಿ ಕೂತು ಆ ದೀಪಸ್ತಂಭ ನೋಡ್ತಾ ಇದ್ದೀನಿ" ಎಂದಳು ಹೆಂಡತಿ. "ಇವತ್ತು ಬೋಟು ತಪ್ಪಿದ್ರೆ ನಿಮ್ಮ ಮೀಸೆ ಬೋಳಿಸೋಕೆ ಕ್ಷೌರದವನು ಬೇಡ, ನಾನೇ ಸಾಕು."

ಸೂರ್ಯ ಹುಟ್ಟುವ ಹೊತ್ತಿಗೆ ಮೀಸೆಯಪ್ಪ ಮೈದಾನದಲ್ಲಿದ್ದ. ಕೋಲು, ಚೆಂಡುಗಳ ಚೀಲ ಹೊರಲು ಜೊತೆಗೆ ಬಂದಿದ್ದ ಭಾವಮೈದ. ಅವನು ಗಾಲ್ಫ್ ಕಲಿತದ್ದು ಮೊಬೈಲಿನಲ್ಲಿ, ಹಾಸಿಗೆಯ ಮೇಲೆ ಮಲಗಿಕೊಂಡು. ಒಂಟಿಯಾಗಿ ಬಂದವರನ್ನು ಅಲ್ಲಿ ಜೊತೆ ಸೇರಿಸಿ ಕಳಿಸುವ ಪದ್ಧತಿ. ಮೀಸೆಯಪ್ಪನ ಪಾಲಿಗೆ ಒಬ್ಬರು ನಿವೃತ್ತ ಜಡ್ಜು, ಒಬ್ಬರು ಶಾಲೆಯ ಹೆಡ್‌ಮಿಸ್ ಬಂದರು. ಇಬ್ಬರೂ ಬೇರೆಯವರ ತಪ್ಪು ಹುಡುಕಿಯೇ ಜೀವನ ಸವೆಸಿದವರು.

"ಚೆಂಡಿಗೆ ಗುರುತು ಮಾಡಿಕೊಳ್ಳಿ" ಎಂದು ಜಡ್ಜು ಅಪ್ಪಣೆ ಮಾಡಿದರು. "ಆಮೇಲೆ ನನ್ನದು ನಿನ್ನದು ಅಂತ ತಕರಾರು ಬರಬಾರದು." ಮೀಸೆಯಪ್ಪ ಪೆನ್ನು ತೆಗೆದು ಚೀಲದಲ್ಲಿದ್ದ ಅಷ್ಟೂ ಚೆಂಡುಗಳಿಗೆ ಒಂದೊಂದು ಮೀಸೆ ಬರೆದ.

ಆಟ ಶುರುವಾಯಿತು. ಸಮುದ್ರದ ಗಾಳಿ ಹೇಗಿತ್ತೆಂದರೆ ಮುಂದಕ್ಕೆ ಹೊಡೆದ ಚೆಂಡು ಏನೋ ಮರೆತವರ ಹಾಗೆ ಹಿಂದಕ್ಕೆ ಬರುತ್ತಿತ್ತು. ಮೂರನೆಯ ಕುಳಿಯ ಹತ್ತಿರ ಅವನು ಬೀಸಿದ ರಭಸಕ್ಕೆ ಕೋಲೇ ಕೈಜಾರಿ ಪೊದೆಗೆ ಹಾರಿತು, ಚೆಂಡು ಇದ್ದಲ್ಲೇ ಇತ್ತು. "ಮೊಣಕೈ ನೆಟ್ಟಗೆ! ಎಷ್ಟು ಸಲ ಹೇಳ್ಬೇಕು?" ಎಂದು ಹೆಡ್‌ಮಿಸ್ ಗದರಿದಾಗ ಮೀಸೆಯಪ್ಪ ಅರಿವಿಲ್ಲದೆ "ಇನ್ಮೇಲೆ ಮಾಡಲ್ಲ ಮಿಸ್" ಎಂದ. ಜಡ್ಜು ಪ್ರತಿ ಹೊಡೆತವನ್ನೂ ಎಣಿಸಿ ಕಾರ್ಡಿನಲ್ಲಿ ಬರೆದರು. ಜಾಗ ಸಾಲದೆ ಅಂಚಿನಲ್ಲಿ ಬರೆದರು, ಆಮೇಲೆ ಹಿಂದುಗಡೆ ಬರೆದರು.

ಏನೇ ಆಗಲಿ, ಹನ್ನೊಂದೂಕಾಲಕ್ಕೆ ಹದಿನೇಳು ಕುಳಿಗಳು ಮುಗಿದಿದ್ದವು. ಮೀಸೆಯಪ್ಪನ ಎದೆ ಉಬ್ಬಿತು. ಇನ್ನೊಂದೇ ಕುಳಿ! ಆ ಉಬ್ಬಿದ ಎದೆಯಲ್ಲೇ ಹೊಡೆದ. ಚೆಂಡು ಚೆಂದವಾಗಿ ಹಾರಿ, ಕುಳಿಯ ಗುರುತಿಗೆ ನೆಟ್ಟಿದ್ದ ಬಾವುಟದ ಪಕ್ಕದಲ್ಲೇ ತೋಡಿದ್ದ ಮರಳಿನ ಗುಂಡಿಗೆ ಬಿತ್ತು.

ಆಟಗಾರರ ಹೊಟ್ಟೆ ಉರಿಸಲೆಂದೇ ತೋಡಿದ ಗುಂಡಿ ಅದು. ಆಳುದ್ದ ಇತ್ತು. ಒಳಗಿಳಿದರೆ ಮೇಲೆ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮೀಸೆಯಪ್ಪ ಹೊಡೆದ, ಮರಳು ಹಾರಿತು, ಚೆಂಡು ಗೋಡೆಗೆ ಬಡಿದು ಉರುಳಿ ಕಾಲ ಬಳಿಗೇ ಬಂತು. ಮತ್ತೆ ಹೊಡೆದ. ಮತ್ತೆ ಬಂತು. ಸಾಕಿದ ಬೆಕ್ಕು ಕೂಡ ಅಷ್ಟು ನಿಷ್ಠೆಯಿಂದ ಬರುವುದಿಲ್ಲ.

"ಒಂಬತ್ತು" ಎಂದರು ಜಡ್ಜು ಮೇಲಿನಿಂದ.

"ಭಾವ, ಕೈಯಲ್ಲಿ ಎತ್ತಿ ಆಚೆ ಎಸೀರಿ, ಯಾರೂ ನೋಡಲ್ಲ" ಎಂದು ಭಾವಮೈದ ಪಿಸುಗುಟ್ಟಿದ. ಅವನ ಪಿಸುಮಾತು ಇಡೀ ಮೈದಾನಕ್ಕೆ ಕೇಳಿತು.

"ನನ್ನ ಸಹಿ ಬೇಕಾದ್ರೆ ಕೈ ಹಾಕೋ ಹಾಗಿಲ್ಲ" ಎಂದರು ಜಡ್ಜು.

ಅಷ್ಟರಲ್ಲಿ ಹಿಂದೆ ಆಡುತ್ತಿದ್ದವರು ಕಾದು ಕಾದು ಗುಂಡಿಯ ಅಂಚಿಗೇ ಬಂದು ನಿಂತಿದ್ದರು. ಅವರ ಹಿಂದಿನವರೂ ಬಂದರು. ಹದಿನೈದು ಇಪ್ಪತ್ತು ಜನ ಸೇರಿದ ಮೇಲೆ ಸಲಹೆಗೆ ಬರವೇ? ಕೋಲು ಮಲಗಿಸಿ ಎಂದರು ಒಬ್ಬರು, ನಿಲ್ಲಿಸಿ ಎಂದರು ಇನ್ನೊಬ್ಬರು. ಉಸಿರು ಬಿಗಿಹಿಡಿಯಿರಿ ಎಂದವರ ಮಾತು ಕೇಳಿ ಮೀಸೆಯಪ್ಪ ಉಸಿರು ಹಿಡಿದ. ಬಿಡಿ ಎಂದು ಹೇಳಲು ಅವರು ಮರೆತರು.

"ರೀ! ಹನ್ನೆರಡಕ್ಕೆ ಹತ್ತು ನಿಮಿಷ ಇದೆ!" ಬಾವುಟದ ಕಡೆಯಿಂದ ಹೆಂಡತಿಯ ದನಿ. ಮೈದಾನದ ಪಕ್ಕದ ಬೋಟುಕಟ್ಟೆಯಲ್ಲಿ ಕಾದು ಸಾಕಾಗಿ ಬಂದಿದ್ದಳು. "ಬರ್ತೀರೋ ಇಲ್ವೋ?"

"ಇದೊಂದೇ ಕಣೇ, ಇದೊಂದೇ!"

"ಮೂವತ್ತೆಂಟು" ಎಂದರು ಜಡ್ಜು.

ಮೀಸೆಯಪ್ಪನಿಗೆ ಅಳು ಬಂದಂತಾಯಿತು. ಒಂದು ಕಡೆ ಮೀಸೆ, ಇನ್ನೊಂದು ಕಡೆ ಬೋಟು, ನಡುವೆ ಈ ಹಾಳು ಮರಳು. ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ, ಬಟ್ಟೆ ಒಗೆಯುವವರ ಹಾಗೆ ಕೋಲನ್ನು ಎತ್ತಿ ಅಪ್ಪಳಿಸಿದ. ಅರ್ಧ ಗುಂಡಿ ಮರಳು ಮೇಲೆದ್ದು ಎಲ್ಲರ ಮುಖಕ್ಕೂ ರಾಚಿತು. ಸಲಹೆಗಾರರೆಲ್ಲ ಕಣ್ಣುಜ್ಜಿಕೊಳ್ಳುತ್ತ ಕೆಮ್ಮಿದರು. ಕಣ್ಣು ಬಿಟ್ಟು ನೋಡಿದರೆ ಗುಂಡಿಯಲ್ಲಿ ಚೆಂಡಿಲ್ಲ.

ಹುಲ್ಲಿನಲ್ಲಿ ಹುಡುಕಿದರು, ಪೊದೆಯಲ್ಲಿ ಹುಡುಕಿದರು. ಇಪ್ಪತ್ತು ಜನ ಬಗ್ಗಿಕೊಂಡು ಓಡಾಡಿದರು. ಕೊನೆಗೆ ಹೆಡ್‌ಮಿಸ್ ಬಾವುಟದ ಬುಡಕ್ಕೆ ಹೋಗಿ ಇಣುಕಿದವರು "ಅಯ್ಯಯ್ಯೋ!" ಎಂದು ಕಿರುಚಿದರು. ಜಡ್ಜು ಕುಳಿಗೆ ಕೈಹಾಕಿ ಚೆಂಡನ್ನು ಹೊರತೆಗೆದು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅದರ ಮೇಲೆ ಮೀಸೆ ಇತ್ತು.

ಆಮೇಲಿನ ಗದ್ದಲ ಹೇಳತೀರದು. ಹೆಡ್‌ಮಿಸ್ ಚಪ್ಪಾಳೆ ತಟ್ಟಿದರು, ಗುರುತು ಪರಿಚಯ ಇಲ್ಲದವರು ಮೀಸೆಯಪ್ಪನನ್ನು ತಬ್ಬಿಕೊಂಡರು. ಜಡ್ಜು ಕಾರ್ಡಿಗೆ ಸಹಿ ಹಾಕಿ, ಕೆಳಗೆ ತಾರೀಕನ್ನೂ ಬರೆದರು. ಹೆಂಡತಿ ಮಾತ್ರ ಅವನ ತೋಳು ಹಿಡಿದು ದರದರ ಎಳೆದುಕೊಂಡು ಓಡಿದಳು. ಓಡುತ್ತಲೇ ಅವನು ಕಾರ್ಡಿನ ಫೋಟೋ ತೆಗೆದು ಔಷಧಿ ಅಂಗಡಿಯವನಿಗೆ ಕಳಿಸಿದ.

ಬೋಟು ಸಿಕ್ಕಿತು. ದ್ವೀಪ ನೋಡಲೆಂದು ಕೊನೆಯ ಕ್ಷಣದಲ್ಲಿ ಜಡ್ಜು, ಹೆಡ್‌ಮಿಸ್ ಕೂಡ ಹತ್ತಿಕೊಂಡರು. ದಂಡೆ ಬಿಟ್ಟು ಅರ್ಧ ಗಂಟೆಯಾಗಿತ್ತೋ ಇಲ್ಲವೋ, ಮೀಸೆಯಪ್ಪನ ಮೊಬೈಲಿಗೆ ಒಂದು ಫೋಟೋ ಬಂತು. ಔಷಧಿ ಅಂಗಡಿಯವನ ಮುಖ, ಸುಲಿದ ಬಾಳೆಹಣ್ಣಿನಷ್ಟು ನುಣ್ಣಗೆ. ಕೆಳಗೆ "ಮಾತು ಅಂದ್ರೆ ಮಾತು" ಎಂದು ಬರೆದಿದ್ದ. ಮೀಸೆಯಪ್ಪ ಅದನ್ನು ಬೋಟಿನಲ್ಲಿದ್ದವರಿಗೆಲ್ಲ ತೋರಿಸಿದ. ಬೋಟು ನಡೆಸುವವನಿಗೂ ತೋರಿಸಿದ.

ಗಾಳಿ ಜೋರಾಯಿತು. ಕಿವಿಗೆ ಚಳಿ ಹತ್ತಿ, ಅವನು ಜಾಕೆಟ್ಟಿನ ಬೆನ್ನಿಗೆ ಜೋತುಬಿದ್ದಿದ್ದ ಟೋಪಿಯನ್ನು ಎಳೆದು ತಲೆಗೆ ಹಾಕಿಕೊಂಡ. ಒಂದು ಬೊಗಸೆ ಮರಳು ತಲೆಯ ಮೇಲೆ ಸುರಿಯಿತು. ಅದರ ಹಿಂದೆಯೇ ಗಟ್ಟಿಯಾದದ್ದೇನೋ ನೆತ್ತಿಗೆ ಟಣ್ ಎಂದು ಕುಟ್ಟಿ, ಹಲಗೆಯ ಮೇಲೆ ಬಿದ್ದು, ಉರುಳುತ್ತ ಹೋಗಿ ಜಡ್ಜಿನ ಬೂಟಿಗೆ ತಾಗಿ ನಿಂತಿತು.

ಜಡ್ಜು ಬಗ್ಗಿ ಎತ್ತಿಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿದರು. ಇದರ ಮೇಲೂ ಮೀಸೆ.

"ಗುಂಡಿಯಲ್ಲಿದ್ದ ಚೆಂಡು ಇದಾದರೆ," ಎಂದರು ನಿಧಾನವಾಗಿ, "ಕುಳಿಯಲ್ಲಿದ್ದದ್ದು ಯಾವುದು?"

ಎಲ್ಲರೂ ಚೆಂಡನ್ನೇ ನೋಡಿದರು. ಮೀಸೆಯಪ್ಪನ ಹೆಂಡತಿ ದೀಪಸ್ತಂಭವನ್ನೇ ನೋಡುತ್ತಿದ್ದಳು.

"ಏನೇ?" ಎಂದ ಮೀಸೆಯಪ್ಪ.

"ಏನು ಏನೇ? ಹತ್ತು ನಿಮಿಷ ಇತ್ತು, ನೀವು ಬಾವಿ ತೋಡೋರ ಹಾಗೆ ತೋಡ್ತಾನೇ ಇದ್ರಿ. ಚೀಲ ಅಲ್ಲೇ ಬಿದ್ದಿತ್ತು, ಒಂದು ತೆಗೆದು ಹಾಕ್ದೆ. ಎಲ್ಲಾ ಒಂದೇ ಥರ ಇದ್ವಲ್ಲ, ಅದಕ್ಕೇನೀಗ?"

ಜಡ್ಜು ಕೈ ಚಾಚಿದರು. ಮೀಸೆಯಪ್ಪ ಕಾರ್ಡು ಕೊಟ್ಟ. ಅವರು ತಮ್ಮ ಸಹಿಯ ಮೇಲೆ ಎರಡು ಗೆರೆ ಎಳೆದು ಮರಳಿಸಿದರು.

"ಸರ್, ಅಲ್ಲಿ ಅವನು ಬೋಳಿಸಿಕೊಂಡೇ ಬಿಟ್ಟಿದ್ದಾನೆ!"

"ಅದು ಅವರ ಮೀಸೆ. ಅದರ ವಿಚಾರಣೆ ಮುಗಿದಿದೆ" ಎಂದರು ಜಡ್ಜು. "ಈಗ ಉಳಿದಿರೋದು ನಿಮ್ಮದು."

ಅನ್ಯಾಯದ ಗೆಲುವು ಮೀಸೆಯಪ್ಪನಿಗೂ ಬೇಡವಾಗಿತ್ತು. ಹೋಟೆಲಿಗೆ ಮರಳಿದವನೇ ತಪ್ಪೊಪ್ಪಿಕೊಳ್ಳಲು ಫೋನು ಮಾಡಿದ. ಆದರೆ ಔಷಧಿ ಅಂಗಡಿಯವನು ಬಾಯಿ ತೆರೆಯಲು ಬಿಟ್ಟರೆ ತಾನೆ?

"ನಿಮ್ಮ ಉಪಕಾರ ಮರೆಯಲ್ಲ ಕಣ್ರೀ! ಹತ್ತು ವರ್ಷ ಚಿಕ್ಕವನಾಗಿ ಕಾಣ್ತೀನಂತೆ. ನಮ್ಮನೆಯವಳು ಮಧ್ಯಾಹ್ನದಿಂದ ಮೂರು ಸಲ ಅಂಗಡಿಗೆ ಬಂದು ನೋಡಿಕೊಂಡು ಹೋದಳು!"

ಇದನ್ನು ಕೇಳಿ ಮೀಸೆಯಪ್ಪನ ಎದೆ ಹಗುರವಾಯಿತು. ಹೋದರೆ ಒಂದು ಮೀಸೆ, ಬಂದರೆ ಹತ್ತು ವರ್ಷ! ನಿಜ ಸಂಗತಿ ಹೇಳಿ ಮುಗಿಸಿ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಕಾಲು ಗಂಟೆಯ ಮೇಲೆ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದು, ಹೆಂಡತಿಯ ಎದುರಿಗೆ ದೀಪದ ಕೆಳಗೆ ನಿಂತ.

ಹೆಂಡತಿ ನೋಡಿದಳು. ಎದ್ದು ಹತ್ತಿರ ಬಂದು ನೋಡಿದಳು. ಸ್ವಲ್ಪ ಹಿಂದೆ ಸರಿದು, ತಲೆ ವಾಲಿಸಿಯೂ ನೋಡಿದಳು.

"ರೀ," ಎಂದಳು ಕೊನೆಗೆ, "ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕು?"