ಎಲ್ಲರಿಗೂ ಒಂದು ‘ರಿ’

ನಮ್ಮ ಸೋದರಮಾವನ ಮರ್ಯಾದೆಯಿಂದ ತಪ್ಪಿಸಿಕೊಂಡವರು ಇಡೀ ಹೈದರಾಬಾದಿನಲ್ಲಿ ಒಬ್ಬರೂ ಇಲ್ಲ! ಬೈಗುಳವನ್ನಾದರೂ ಸಹಿಸಬಹುದು, ಈ ಮರ್ಯಾದೆಯ ಕಾಟ ಮಾತ್ರ ಶತ್ರುವಿಗೂ ಬೇಡ.

ಮಾಮಾ ನಿವೃತ್ತ ಅಧ್ಯಾಪಕರು. ಮಲ್ಕಾಜ್‌ಗಿರಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾರೆ. ನಿವೃತ್ತರಾದ ಮೇಲೆ ಸುಮ್ಮನೆ ಕೂರಬಾರದೆ? ಇಲ್ಲ. ಜಾತಿ, ಭಾಷೆ, ಬಡತನ ಅಂತ ತರಗತಿಯಲ್ಲಿ ಮಾತು ಕೆಟ್ಟರೆ ಅಧ್ಯಾಪಕರು ಹೇಗೆ ಸಂಭಾಳಿಸಬೇಕು ಎಂದು ಕಾಲೇಜಿನಿಂದ ಕಾಲೇಜಿಗೆ ಹೋಗಿ ತರಬೇತಿ ಕೊಡುತ್ತಾರೆ. ಮೊದಲ ಪಾಠವೇ, ವಿದ್ಯಾರ್ಥಿಗಳಿಗೂ ‘ರಿ’ ಹಚ್ಚಿ ಮಾತಾಡುವುದು.

ಆ ಪಾಠ ಕಾಲೇಜಿನಲ್ಲೇ ಉಳಿದಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಮನೆಯಲ್ಲಿ ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೂ “ಸ್ವಲ್ಪ ಸರೀರಿ” ಎನ್ನುತ್ತಾರೆ!

“ಓಡಸ್ರಿ ಮಾಮಾ ಅದನ್ನ!” ಎಂದು ನಾನು ಕಿರುಚಿದೆ.

“ಅದನ್ನ ಅಲ್ಲವ್ವಾ, ಅವರನ್ನ ಅನ್ನು.”

ಅಷ್ಟರಲ್ಲಿ ‘ಅವರು’ ಹಾಲು ಮುಗಿಸಿ ಮೀಸೆ ನೆಕ್ಕುತ್ತಿದ್ದರು. ಇನ್ನು ಸೊಪ್ಪು ಮಾರುವವಳನ್ನು ‘ಅಮ್ಮಗಾರು’ ಎಂದು ಕೈ ಮುಗಿದು ಮಾತಾಡಿಸಿದರೆ, ಅವಳು ಗಾಬರಿಯಾಗಿ ನನ್ನ ಕಿವಿಯಲ್ಲಿ, “ಸಾರ್ ಎಲೆಕ್ಷನ್‌ಲೋ ನಿಲಬಡ್ಡಾರಾ?” ಎಂದಳು. ಚುನಾವಣೆಗೆ ನಿಂತಿದ್ದಾರಾ ಅಂತ!

ನನ್ನ ಹಣೆಬರಹ ನೋಡಿ, ಕಾಚಿಗೂಡದ ಹತ್ತಿರ ನಾನು ಕನ್ನಡ ಕಲಿಸುವ ಕಾಲೇಜಿನಲ್ಲೇ ಒಂದು ರಂಪವಾಯಿತು. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಎದ್ದು ಪಾಠ ಓದುತ್ತಿದ್ದಳು. ಅವಳಪ್ಪ ಉಪ್ಪಲ್‌ನಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ವ್ಯಾಪಾರಸ್ಥರ ಮನೆಯ ಹುಡುಗನೊಬ್ಬ, “ಇದು ಸಿಮೆಂಟ್ ಬುಟ್ಟಿ ಹೊರೋ ಮಂದಿ ಕನ್ನಡ” ಎಂದು ನಕ್ಕ. ತರಗತಿ ಎರಡು ಪಂಗಡವಾಯಿತು. ನನ್ನ ಕೈ ಮೀರಿದಾಗ, ಬೇರೆ ಗತಿಯಿಲ್ಲದೆ ಮಾಮಾನನ್ನೇ ಕರೆದೆ. ನೋಡಿ ಕಲಿಯಲಿ ಎಂದು ಪ್ರಿನ್ಸಿಪಾಲರು ಉಳಿದ ಅಧ್ಯಾಪಕರನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದರು.

ಮಾಮಾ ಬಂದ ದಿನ ಆ ಹುಡುಗಿ ತರಗತಿಗೆ ತಡವಾಗಿ ಬಂದಳು. ಮಾಮಾ ಎದ್ದು ನಿಂತು, ಮುಖದ ತುಂಬ ನಗುತ್ತ, “ಬರ್ರಿ ಬಾಯಾರ, ಬರ್ರಿ! ನಿಮ್ಮ ಸಲುವಾಗೇ ಕಾಯಾಕತ್ತೀವಿ” ಎಂದರು, ದೊಡ್ಡ ಮನೆಯ ಅಮ್ಮನವರನ್ನು ಕರೆದ ಹಾಗೆ. ತರಗತಿ ಹೋ ಎಂದು ನಕ್ಕಿತು.

ಹುಡುಗಿಯ ಕಣ್ಣು ತುಂಬಿದವು. “ಚ್ಯಾಷ್ಟಿ ಮಾಡಬ್ಯಾಡ್ರಿ ಸರ್. ನಮ್ಮಪ್ಪ ಕೆಲಸಕ್ಕ ತಡಾ ಮಾಡಿ ಹೋದ್ರ ಮೇಸ್ತ್ರಿನೂ ಹಿಂಗ ಅಂತಾನ, ‘ಬರ್ರಿ ಸಾಹೇಬ್ರ’ ಅಂತ. ಅಲ್ಲೂ ಎಲ್ಲಾರೂ ಹಿಂಗ ನಗತಾರ.” ಚೀಲ ಹೆಗಲಿಗೇರಿಸಿಕೊಂಡು ಹೊರಟೇ ಹೋದಳು.

ಅಲ್ಲವೆ ಮತ್ತೆ? ನಮ್ಮ ಕಡೆ ಒಬ್ಬರ ಮಾನ ಕಳೆಯಬೇಕಾದರೂ ಹಚ್ಚುವುದು ಅದೇ ‘ರಿ’ಯನ್ನು! ಊರಿಗೆಲ್ಲ ಪಾಠ ಹೇಳುವವರಿಗೆ ಇಷ್ಟೂ ಹೊಳೆಯಬಾರದೆ? ಮನೆ ಮುಟ್ಟುವವರೆಗೂ ನಾನು ಬೈದೆ. ಮರುದಿನ ಹುಡುಗಿ ಕಾಲೇಜಿಗೆ ಬರಲಿಲ್ಲ. ಓದನ್ನೇ ಬಿಟ್ಟುಬಿಡುತ್ತಾಳೇನೋ ಎಂದು ನನಗೆ ಊಟ ಸೇರಲಿಲ್ಲ.

ಅದರ ಮರುದಿನ ಮುಂಜಾನೆ ಬಚ್ಚಲಲ್ಲಿ ನಲ್ಲಿ ಒಂದೇ ಸಮನೆ ಸುರಿಯುತ್ತಿತ್ತು. “ನೀರು ಬಂದ್ ಮಾಡ್ರಿ ಮಾಮಾ!” ಎಂದು ಕೂಗುತ್ತಲೇ ಹೋದೆ. ಅರ್ಧ ಗಡ್ಡ ಕೆರೆದುಕೊಂಡು ಕನ್ನಡಿಯೆದುರು ನಿಂತಿದ್ದರು. “ಮಗಳನ್ನ ಕಳಸ್ರಿ” ಎಂದರು ಕನ್ನಡಿಗೆ. ಸರಿಬರಲಿಲ್ಲವೆಂದು ತಲೆಯಾಡಿಸಿದರು. ಮತ್ತೆ, ಇನ್ನೂ ಮೆಲ್ಲಗೆ, “ಕಳಸ್ರಿ.”

“ಏನ್ ನಡಸೀರಿ ಇದು?”

“ಉಪ್ಪಲ್‌ಗೆ ಹೊಂಟೀನವ್ವಾ, ಆ ಹುಡುಗಿ ಅಪ್ಪನ್ನ ನೋಡಾಕ. ತಪ್ಪಾತು, ಮಗಳನ್ನ ಕಾಲೇಜಿಗೆ ಕಳಸ್ರಿ ಅನ್ನಬೇಕು. ನನ್ನ ‘ರಿ’ ಕೇಳಿ ಅವರಿಗೂ ಮೇಸ್ತ್ರಿ ನೆನಪಾದ್ರ ಹೆಂಗ? ನೀ ಕೇಳಿ ಹೇಳು, ಈಗ ಛಲೋ ಬಂತೇನು?”

ಆ ಮುದಿ ಕಣ್ಣಿನಲ್ಲಿ ಪರೀಕ್ಷೆಗೆ ಹೊರಟ ಹುಡುಗನ ಅಂಜಿಕೆ ಇತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕೈ ಚಾಚಿ ನಲ್ಲಿ ನಿಲ್ಲಿಸಿ, ಬಚ್ಚಲ ಬಾಗಿಲಲ್ಲೇ ನಿಂತೆ.

“ಇನ್ನೊಮ್ಮೆ ಅನ್ರಿ ಮಾಮಾ” ಎಂದೆ. “ನಾನೂ ನಿಮ್ಮ ಕೂಡ ಬರ್ತೀನಿ.”