ಒಳಗೆ ಹಾಕುವ ಬೂಟ್ಸು

ಒಂಟಿಯಾಗಿರುವವನಿಗೇ ಇಂಥವೆಲ್ಲ ಗಂಟು ಬೀಳುತ್ತವೆ ಅಂತ ಕಾಣುತ್ತದೆ. ಯುದ್ಧದ ಕಾಲ. ಕೆಲಸಕ್ಕೆಂದು ಮಂಡ್ಯಕ್ಕೆ ಬಂದಿದ್ದೆ. ಆಫೀಸು ಬಿಟ್ಟರೆ ನನ್ನ ಜೊತೆ ಮಾತಾಡುವವರು ರೂಮು ಬಾಡಿಗೆಗೆ ಕೊಟ್ಟು ಊಟವನ್ನೂ ಹಾಕುತ್ತಿದ್ದ ಅಜ್ಜಿ ಒಬ್ಬರೇ. ಶನಿವಾರ ಸಂಜೆ ಕ್ಲಬ್ಬಿನಲ್ಲಿ ಜೋಡಿ ಡ್ಯಾನ್ಸು ಕಲಿಸುತ್ತಾರೆ ಅಂದಾಗ ಹೆಸರು ಕೊಟ್ಟುಬಿಟ್ಟೆ. ಡ್ಯಾನ್ಸಿನ ಹುಚ್ಚೇನಲ್ಲ. ಒಂದು ಹಾಡು ಮುಗಿಯುವ ತನಕವಾದರೂ ಯಾರಾದರೂ ಜೊತೆಗಿರಲಿ ಅಂತ, ಅಷ್ಟೇ.

೧. ಜಾರಬೇಕು ಸಾಬರೇ

"ಬೂಟ್ಸಿನ ಅಡಿಗೆ ನುಣುಪು ತೊಗಲಿನ ಅಟ್ಟೆ ಇರಬೇಕು, ನೆಲದ ಮೇಲೆ ಸಲೀಸಾಗಿ ಜಾರಬೇಕು" ಅಂದರು ಡ್ಯಾನ್ಸಿನ ಮೇಷ್ಟ್ರು. ಮದ್ದೂರಿನಲ್ಲಿ ಬೂಟ್ಸು ಹೊಲಿಯುವ ಸಾಬರ ಹತ್ತಿರ ಹೋದೆ. ಅವರು ಲಾರಿ ಟೈರಿನ ಅಟ್ಟೆ ಹಾಕಿದ ಜೊತೆಯೊಂದನ್ನು ಹೆಮ್ಮೆಯಿಂದ ತೋರಿಸಿದರು.

"ತಗಳಿ ಸಾಮಿ, ಕೆಸರಲ್ಲಿ ನಡೆದ್ರೂ ಜಾರಾಕಿಲ್ಲ."

"ನನಗೆ ಜಾರಬೇಕು ಸಾಬರೇ."

ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮನೇಲಿ ಬುದ್ಧಿ ಏಳೋರು ಯಾರೂ ಇಲ್ವಾ ಸಾಮಿ?"

"ಇಲ್ಲ" ಅಂದೆ. ಪಾಪ, ಟೈರು ಕಿತ್ತು ತೊಗಲಿನ ಅಟ್ಟೆ ಹಾಕಿಕೊಟ್ಟರು.

೨. ಬೂಟ್ಸಿನ ಆರೈಕೆ

ಆ ಬೂಟ್ಸು ರಸ್ತೆಗೆ ತಾಗಬಾರದು. ಮರಳು ಕಚ್ಚಿದರೆ ಅಟ್ಟೆ ಹಾಳು. ಹಾಗಾಗಿ ಬೀದಿಯಲ್ಲಿ ಅದನ್ನು ಕೈಲಿ ಹಿಡಿದು, ಚಪ್ಪಲಿ ಮೆಟ್ಟಿ ಬರುತ್ತಿದ್ದೆ. ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಡ್ಯಾನ್ಸಿನ ಅಭ್ಯಾಸಕ್ಕೆ ಬೂಟ್ಸು ಹಾಕಿಕೊಳ್ಳುತ್ತಿದ್ದೆ.

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ನನ್ ಮಗನೇ! ಎಲ್ರೂ ಬಾಗ್ಲಲ್ಲಿ ಬುಟ್ಟು ಒಳೀಕೆ ಬತ್ತಾರೆ. ನೀನು ಬಾಗ್ಲಲ್ಲಿ ಆಕ್ಕಂಡು ಬತ್ತೀಯಲ್ಲಾ!"

ಅಟ್ಟೆ ಅತಿಯಾಗಿ ನುಣುಪಾದರೆ ಒರಟಾದ್ದರಲ್ಲಿ ಉಜ್ಜಬೇಕು. ಅಜ್ಜಿಯ ಪಾತ್ರೆ ತಿಕ್ಕುವ ತೆಂಗಿನ ನಾರು ಎಲ್ಲಿ ಹೋಗುತ್ತಿದೆ ಅಂತ ಅವರಿಗೆ ಗೊತ್ತಾದ ದಿನ ನನಗೆ ಮುದ್ದೆ ಸಿಗಲಿಲ್ಲ.

೩. ಮೋಹಿನಿ

ಕ್ಲಬ್ಬಿನಲ್ಲಿ ಕಲಿಯಲು ಬಂದವರೆಲ್ಲ ಗಂಡಸರೇ. "ತೋಳಲ್ಲಿ ಒಬ್ಬಳಿದ್ದಾಳೆ ಅಂದುಕೊಂಡು ಮನೇಲಿ ಅಭ್ಯಾಸ ಮಾಡಿ" ಅಂದರು ಮೇಷ್ಟ್ರು. ಒಂದು ಭಾನುವಾರ ಬೆಳಿಗ್ಗೆ ಬೂಟ್ಸು ಹಾಕಿ, ಕಣ್ಣು ಮುಚ್ಚಿ, ಗಾಳಿಯನ್ನು ತಬ್ಬಿಕೊಂಡು ಸುತ್ತುತ್ತಿದ್ದೆ. "ಕ್ಷಮಿಸಿ, ಕಾಲು ತುಳಿದೆ" ಅಂತಲೂ ಅಂದೆ. ಕಿಟಕಿಯಲ್ಲಿ ಅಜ್ಜಿ!

ಮಧ್ಯಾಹ್ನದೊಳಗೆ ಯಲಿಯೂರಿನಿಂದ ಮಂತ್ರ ಹಾಕುವವನು ಬಂದ. "ಒಂಟಿ ಗಂಡುಸ್ರನ್ನೇ ಮೋಹಿನಿ ಇಡಿಯಾದು" ಅಂತ ಬೇವಿನ ಸೊಪ್ಪಲ್ಲಿ ಬಾರಿಸಿದ. "ಯಾರೇ ನೀನು? ಯಾವೂರೋಳು? ಬುಟ್ಟೋಯ್ತೀಯೋ ಇಲ್ವೋ?" ಕೊನೆಗೆ ಬೂಟ್ಸು ಬಿಚ್ಚಿಸಿದ. "ಈ ತೊಗಲಲ್ಲಿ ಸೇರ್ಕಂಡಿದ್ಲು. ಬುಟ್ಟೋದ್ಲು" ಅಂತ ಎದ್ದು ನಡೆದ.

ಅಜ್ಜಿ ನನ್ನ ಹಣೆ ಮುಟ್ಟಿ ನೋಡಿದರು. "ನಿಜವಾಗ್ಲೂ ಬುಟ್ಟೋದ್ಲಾ ಮಗಾ?"

"ಬರಲೇ ಇಲ್ಲವಲ್ಲ ಅಜ್ಜಿ" ಅಂದೆ.

ಅಜ್ಜಿ ಬೂಟ್ಸನ್ನು ಸೆರಗಿನಲ್ಲಿ ಒರೆಸಿ ನನ್ನ ಕಾಲ ಹತ್ತಿರ ಇಟ್ಟರು.

"ಆಕ್ಕೋ ಬುಡು. ಬಂದ್ರೂ ಬತ್ತಾಳೆ."