ಹೋಳಿಗೆ ಎಣಿಸಿದ ಆ್ಯಪ್

ಮಾರ್ಕಮ್‌ನ ನಮ್ಮ ಕನ್ನಡ ಬಳಗದ ಯುಗಾದಿ ಊಟದಲ್ಲಿ ಪ್ರತಿವರ್ಷವೂ ಅಡುಗೆ ಮಿಕ್ಕುತ್ತಿತ್ತು. ಹಬ್ಬ ಮುಗಿದು ವಾರವಾದರೂ ಎಲ್ಲರ ಫ್ರಿಜ್ಜಿನಲ್ಲೂ ಅದೇ ಹುಳಿ, ಅದೇ ಪಲ್ಯ. ಇದನ್ನು ಸರಿಪಡಿಸಲು ನನಗಿಂತ ಯೋಗ್ಯನಾದ ಮನುಷ್ಯ ಇಡೀ ಒಂಟಾರಿಯೋದಲ್ಲೇ ಇಲ್ಲವೆಂದು ನನಗೆ ಖಾತ್ರಿಯಾಗಿತ್ತು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಆಫೀಸಿನಲ್ಲಿ ನನ್ನ ಕೆಲಸ. ಸ್ವಂತ ತಪ್ಪು ಮಾಡುವ ಅವಕಾಶ ಮಾತ್ರ ಅಲ್ಲಿಯವರೆಗೂ ಸಿಕ್ಕಿರಲಿಲ್ಲ!

ಕಮಿಟಿ ಮೀಟಿಂಗಿನಲ್ಲಿ ಎದ್ದು ನಿಂತು ಘೋಷಿಸಿಬಿಟ್ಟೆ. "ಒಂದು ಆ್ಯಪ್ ಮಾಡ್ತೀನಿ. ಯಾರು ಏನು ಎಷ್ಟು ತಿಂತಾರೆ ಅಂತ ಮೊದಲೇ ಗೊತ್ತಾಗುತ್ತೆ. ಒಂದು ತುತ್ತೂ ವೇಸ್ಟ್ ಆಗಲ್ಲ."

ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟದಿದ್ದವಳು ನನ್ನ ಹೆಂಡತಿ ಸುಧಾ ಒಬ್ಬಳೇ. ಹೋಳಿಗೆಯ ಜವಾಬ್ದಾರಿ ಮೊದಲ ಬಾರಿಗೆ ಅವಳ ಪಾಲಿಗೆ ಬಂದಿತ್ತು. ಅವಳು ಧಾರವಾಡದವಳು. ಮೈಸೂರಿನ ನಾನು ಒಬ್ಬಟ್ಟು ಎನ್ನುವುದನ್ನು ಮದುವೆಯಾದ ವಾರದಲ್ಲೇ ಬಿಟ್ಟು, ಹೋಳಿಗೆ ಎನ್ನಲು ಕಲಿತಿದ್ದೆ.

ಚಳಿಗಾಲವೆಲ್ಲ ಬೇಸ್‌ಮೆಂಟಿನಲ್ಲಿ ಕುಳಿತು ಆ್ಯಪ್ ಕಟ್ಟಿದೆ. ಡ್ರೈವ್‌ವೇ ಮೇಲಿನ ಹಿಮವನ್ನು ಸುಧಾ ಎತ್ತಿದಳು. ಮಗಳು ಅನಿಕಾ ಒಮ್ಮೆ ಇಣುಕಿ, "ಅಪ್ಪಾ, ದಿಸ್ ಈಸ್ ಜಸ್ಟ್ ಅ ಫಾರ್ಮ್," ಎಂದು ಹೋದಳು. ಆ್ಯಪ್ ಸ್ಟೋರಿನವರು ಮೊದಲ ಸಲ ತಿರಸ್ಕರಿಸಿದರು. ಇದರ ಉದ್ದೇಶವೇನೆಂದು ತಿಳಿಯುತ್ತಿಲ್ಲವಂತೆ!

"ಬರೋಬ್ಬರಿ ಕೇಳ್ಯಾರ ನೋಡ್ರಿ," ಎಂದಳು ಸುಧಾ.

ಕೊನೆಗೂ ಒಪ್ಪಿಗೆ ಸಿಕ್ಕಿತು. ಗ್ಯಾರೇಜಿನ ನೆಲಕ್ಕೆ ತೆಂಗಿನಕಾಯಿ ಒಡೆದು ಆ್ಯಪನ್ನು ಲೋಕಾರ್ಪಣೆ ಮಾಡಿದೆ. ಜನ ಉತ್ಸಾಹದಿಂದ ಉತ್ತರ ತುಂಬಿದರು. "ನಿಮಗೆ ಎಷ್ಟು ಹೋಳಿಗೆ ಬೇಕು?" ಎಂಬ ಪ್ರಶ್ನೆಗೆ ಹೆಚ್ಚಿನವರು "ಒಂದು" ಒತ್ತಿದ್ದರು. ಕೆಲವರು "ಅರ್ಧ". ಪಕ್ಕದ ವಿಟ್ಬಿ ಊರಿನ ಪುಟ್ಟಸ್ವಾಮಿ ಅಂಕಲ್ ಅಂತೂ "ಬೇಡ" ಒತ್ತಿದ್ದರು. ನಮ್ಮ ಜನ ಎಂಥ ಮಿತಾಹಾರಿಗಳು! ನನಗೆ ಹೆಮ್ಮೆಯಿಂದ ಎದೆಯುಬ್ಬಿತು.

"ಏನ್ರೀ, ನಮ್ಮ ಮಂದಿ ಒಂದ ಅಂದ್ರ ಒಂದ ತಿಂತಾರೇನು?" ಸುಧಾ ಕೇಳಿದಳು. "ಇದರ ಮೂರ್ ಪಟ್ಟು ಮಾಡ್ತೀನಿ ನಾ."

"ಬೇಡ! ಡೇಟಾ ಸುಳ್ಳು ಹೇಳಲ್ಲ. ಮಿಕ್ಕಿದ್ರೆ ಕಮಿಟಿ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?"

"ಕಡಿಮಿ ಬಿದ್ರ ಹೆಸರು ಹೋಗೋದು ನಂದು. ನಿಮ್ಮ ಫೋನಿಂದು ಅಲ್ಲ."

ಆದರೂ ಅಂಗಡಿಗೆ ಹೋಗಿ ಕಡಲೆಬೇಳೆ ತಂದವನು ನಾನೇ. ಆ್ಯಪ್ ಹೇಳಿದ ಲೆಕ್ಕಕ್ಕಿಂತ ಒಂದು ಹಿಡಿಯನ್ನೂ ಹೆಚ್ಚಿಗೆ ತರಲಿಲ್ಲ.

ಯುಗಾದಿ ಬಂತು. ಹಾಲ್‌ನಲ್ಲಿ ಸಾಲಾಗಿ ಟೇಬಲ್ ಹಾಕಿ ಜನ ಕುಳಿತರು. ನಾನೇ ಹೋಳಿಗೆಯ ತಟ್ಟೆ ಹಿಡಿದು ಹೊರಟೆ. ಹಿಂದೆ ಸುಧಾ ತುಪ್ಪದ ಮಿಳ್ಳೆ ಹಿಡಿದು ಬಂದಳು. ಆ್ಯಪಿನ ಪ್ರಕಾರ ತಲೆಗೊಂದು ಬಡಿಸಿ ಮುಂದೆ ಹೋಗಬೇಕಾದವನನ್ನು ಹುಟ್ಟಿನಿಂದ ಬಂದ ಅಭ್ಯಾಸ ಬಿಡಲಿಲ್ಲ. "ಇನ್ನೊಂದು ಹಾಕ್ಲಾ?" ಎಂದೆ. "ಬೇಡ, ಬೇಡ!" ಎಂದರು. "ಚಿಕ್ಕದು!" ಎಂದೆ. "ಅಯ್ಯೋ, ಇಷ್ಟೊಂದು ಒತ್ತಾಯ ಮಾಡ್ತಿದೀರ, ಹಾಕಿ," ಎಂದರು. ಎಲೆಗೆ ಅಡ್ಡ ಹಿಡಿದ ಕೈಗಳು ಒಂದೊಂದಾಗಿ ಸರಿದವು.

ಎರಡನೇ ಸಾಲಿಗೆ ತಿರುಗುವಷ್ಟರಲ್ಲಿ ತಟ್ಟೆ ಖಾಲಿ! ಒಳಗೆ ಅಡುಗೆಮನೆಯಲ್ಲೂ ಖಾಲಿ!

ಹಾಲ್‌ನ ಉಳಿದರ್ಧ ಜನ ಬರಿದಾದ ತಟ್ಟೆಯನ್ನೇ ನೋಡುತ್ತಿದ್ದರು. ಸುಧಾಳ ಮುಖ ಸಪ್ಪಗಾಯಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನು ತೀರಿಸಿಕೊಳ್ಳಲು ಎದುರಿಗೆ ಸಿಕ್ಕವರು, ಎಲೆಯಲ್ಲಿ ಮೂರನೇ ಹೋಳಿಗೆಯನ್ನು ಮುರಿಯುತ್ತಿದ್ದ ಪುಟ್ಟಸ್ವಾಮಿ ಅಂಕಲ್.

"ಅಂಕಲ್, ನೀವು ಬೇಡ ಅಂತ ಒತ್ತಿದ್ರಲ್ಲ!"

"ಮೊದಲನೇ ಸಲಕ್ಕೇ ಬೇಕು ಅನ್ನೋಕೆ ನಮಗೇನು ನಾಚಿಕೆ ಇಲ್ವೇನಪ್ಪ? ನಿನ್ನ ಫೋನು ಇನ್ನೊಂದು ಸಲ ಕೇಳಲೇ ಇಲ್ಲ!"

ಅವರ ಮಾತಿಗೆ ಹಾಲ್ ತುಂಬ ನಗು. ಅಂಕಲ್ ಅಷ್ಟಕ್ಕೇ ಬಿಡಲಿಲ್ಲ. ಎದ್ದು ನಿಂತು, "ಸುಧಮ್ಮಾ, ಈ ಥರ ಹೋಳಿಗೆ ನಾನು ಈ ದೇಶದಲ್ಲೇ ತಿಂದಿಲ್ಲ. ಇವನ ಮಾತು ಯಾಕಮ್ಮಾ ಕೇಳ್ದೆ?" ಎಂದರು. ಹೋಳಿಗೆ ಸಿಕ್ಕವರು ಹೊಗಳಿದರು, ಸಿಗದವರು ಇನ್ನೂ ಹೆಚ್ಚು ಹೊಗಳಿದರು. ಊಟ ಮುಗಿಯುವ ಹೊತ್ತಿಗೆ ಸುಧಾಳ ಹೋಳಿಗೆಯ ಕೀರ್ತಿ ದೂರದ ಬರ್ಲಿಂಗ್ಟನ್ ಊರನ್ನೂ ತಲುಪಿತ್ತು. ನನ್ನ ಕೀರ್ತಿಯೂ ತಲುಪಿತ್ತು. ಆ್ಯಪ್ ಸ್ಟೋರಿನಲ್ಲಿ ಮೊದಲ ರಿವ್ಯೂ ಬಂದಿತ್ತು: "ಹೋಳಿಗೆ ಸಿಗಲಿಲ್ಲ. ಒಂದು ಸ್ಟಾರ್."

ಸಂಜೆ ಮನೆಗೆ ಬಂದು ಸೋಫಾದಲ್ಲಿ ಕುಸಿದೆ. ಸುಧಾ ಒಂದು ಡಬ್ಬಿ ತೆರೆದಳು. ಒಳಗೆ ಒಂದೇ ಒಂದು ಹೋಳಿಗೆ!

"ಬಡಸೂಕಿಂತ ಮೊದಲ ನಿಮಗಂತ ತೆಗೆದಿಟ್ಟಿದ್ದೆ. ತಿಂತೀರೇನ್ರಿ?"

ನನ್ನ ಕಣ್ಣು ತುಂಬಿ ಬಂತು. ಬಾಯಲ್ಲಿ ನೀರೂ ಬಂತು. ಆದರೆ ನಾಲಿಗೆ ತನ್ನ ಪಾಡಿಗೆ ತಾನು ನುಡಿಯಿತು: "ಬೇಡ ಬಿಡು, ನೀನೇ ತಿನ್ನು."

"ಆತು ಬಿಡ್ರಿ," ಎಂದವಳು ಅದರ ಮೇಲೆ ಧಾರಾಳವಾಗಿ ತುಪ್ಪ ಸುರಿದುಕೊಂಡು, ನನ್ನೆದುರಿಗೇ ಕುಳಿತು ತಿಂದು ಮುಗಿಸಿದಳು. ನಾನು ಮೊಸರನ್ನ ಕಲಸಿಕೊಂಡೆ.